70 ದಾಟಿದರೆ ಜೀಪಿನ ಮುಂಭಾಗ ಕುಣಿಯುತ್ತದೆ, ಯಾರಾದರೂ ದಾರಿ ಹೇಳಿ

ಅರೇಹಳ್ಳಿ ಜೀಪು
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಮಹೀಂದ್ರಾ ಎಂಎಂ 540 ನಮ್ಮ ಮನೆಯಲ್ಲಿದೆ. ತೋಟದ ಗೊಬ್ಬರ, ಡೀಸೆಲ್, ಕಾಫಿ ಮೂಟೆ ಎಲ್ಲಾ ಹೊತ್ತದ್ದು ಇದೇ. ನಾನು ಶಾಲೆಗೆ ಹೋಗಿದ್ದೂ ಇದರಲ್ಲೇ. ಎರಡು ವರ್ಷದಿಂದ ದುಡ್ಡು ಕೂಡಿಸಿ ಇದನ್ನು ಹೈವೇಗೂ ಒಗ್ಗುವ ಹಾಗೆ ಮಾಡಿಸಿದೆ. ಪವರ್ ಸ್ಟೀರಿಂಗ್ ಹಾಕಿಸಿದೆ. ಹಳೇ ಸಣ್ಣ ಟೈರ್ ತೆಗೆದು ಅಲಾಯ್ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಮೇಲೆ 235/75 ಆರ್ 15 ಟೈರ್ ಕೂರಿಸಿದೆ. ಮುಂದೆ ತುಂಬಾ ಗಡುಸು ಅನ್ನಿಸಿ ಎರಡೂ ಕಡೆ ಕಮಾನ್ ಸ್ಪ್ರಿಂಗಿನ ಎರಡೆರಡು ಬ್ಲೇಡ್ ತೆಗೆಸಿದೆ. ಹೊಸ ಗ್ಯಾಸ್ ಶಾಕ್ ಅಬ್ಸಾರ್ಬರ್ ಕೂಡ ಬಂತು.

ಊರೊಳಗೆ ಚೆನ್ನಾಗಿದೆ. ಬೇಲೂರು, ಹಾಸನದವರೆಗೂ ಏನೂ ಗೊತ್ತಾಗುವುದಿಲ್ಲ. ಹಾಸನ ದಾಟಿ ಶಾಂತಿಗ್ರಾಮದ ಟೋಲ್ ಕಳೆದು ಚನ್ನರಾಯಪಟ್ಟಣದ ಕಡೆ 70 ಮುಟ್ಟಿದರೆ ಸಾಕು, ಮುಂಭಾಗ ಕುಣಿಯಲು ಶುರು. 75ರಿಂದ 80ರಲ್ಲಿ ಬಾನೆಟ್ ಕಣ್ಣೆದುರೇ ನಡುಗುತ್ತದೆ. 90 ಹತ್ತಿರ ಹೋದರೆ ಸ್ವಲ್ಪ ಕಡಿಮೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಎರಡು ಸಲ ಅಲೈನ್‌ಮೆಂಟ್. ಹೋದ ವಾರ ಅಪ್ಪ ಪಕ್ಕದಲ್ಲಿ ಕೂತಿದ್ದರು. ಏನೂ ಮಾತಾಡಲಿಲ್ಲ, ಹಿಡಿ ಮಾತ್ರ ಗಟ್ಟಿ ಹಿಡಿದುಕೊಂಡಿದ್ದರು. ಅದನ್ನು ನೋಡಿ ಬಹಳ ಬೇಜಾರಾಯಿತು.

ಬಾಣಾವರ ಬುಲೆಟ್
ಅಣ್ಣಾ, ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ. ನಮ್ಮ ಚಿಕ್ಕಪ್ಪನ ಜೀಪಿಗೆ ಅದನ್ನೇ ಹಾಕಿದ್ದು. ಒಂದೇ ದಿನದ ಕೆಲಸ.

ಬಿ.ಎಂ. ರಸ್ತೆ ಮೆಕ್ಯಾನಿಕ್
ಡ್ಯಾಂಪರ್ ಆಮೇಲೆ ನೋಡೋಣ. ಮೊದಲು ಒಂದು ವಿಷಯ ತೀರ್ಮಾನ ಆಗಬೇಕು. ಕುಣಿತ ಬೇರೆ, ಅದುರು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಸಾಮಾನು ಬದಲಿಸುತ್ತಾ ಹೋಗುವವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ.

ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಪಟಪಟ ಹೊಡೆದುಕೊಂಡರೆ ಅದು ಅದುರು. ಅದಕ್ಕೆ ಟೈ ರಾಡ್ ಎಂಡ್, ಕಿಂಗ್ ಪಿನ್ (ಮುಂದಿನ ಚಕ್ರ ಎಡ ಬಲ ತಿರುಗುವ ಗೂಟ) ಬೇರಿಂಗ್, ಹಬ್ ಬೇರಿಂಗ್, ಸ್ಟೀರಿಂಗ್ ಬಾಕ್ಸ್, ಕ್ಯಾಸ್ಟರ್ (ಆ ಗೂಟದ ವಾಲು) ಇವನ್ನು ನೋಡಬೇಕು. ಚಕ್ರ ಮೇಲೆ ಕೆಳಗೆ ಪುಟಿದರೆ ಅದು ಕುಣಿತ. ಅದಕ್ಕೆ ಟೈರು, ಡಿಸ್ಕ್, ಶಾಕ್, ಬ್ಲೇಡ್ ನೋಡಬೇಕು. ಡ್ಯಾಂಪರ್ ಕಟ್ಟುವುದು ಸ್ಟೀರಿಂಗಿನ ಅಡ್ಡ ಓಡಾಟ ತಡೆಯಲು. ಮೇಲೆ ಕೆಳಗೆ ಪುಟಿಯುವ ಚಕ್ರಕ್ಕೆ ಅದು ಏನೂ ಮಾಡುವುದಿಲ್ಲ.

ಕುಣಿತದಲ್ಲೂ ಎರಡು ತರಹ ಇದೆ. ದೋಣಿಯ ಹಾಗೆ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಸಲ ಏರಿ ಇಳಿದರೆ ಬಾಡಿ ತೂಗುತ್ತಿದೆ ಅಂತ ಅರ್ಥ. ಶಾಕ್ ಸತ್ತಿರುತ್ತದೆ. ಎಣಿಸಲು ಆಗದಷ್ಟು ಬೇಗ ಬೇಗ ಆದರೆ ಬಾಡಿ ಅಲ್ಲ, ಆಕ್ಸಲ್ಲೇ ಟೈರಿನ ಗಾಳಿಯ ಮೇಲೆ ಪುಟಿಯುತ್ತಿದೆ. ಈಗ ಲೆಕ್ಕ ಹಾಕಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ನಿಮ್ಮ ಟೈರಿನ ಸುತ್ತಳತೆ 2.3 ಮೀಟರ್ ಹತ್ತಿರ. ಭಾಗಿಸಿದರೆ ಚಕ್ರ ಸೆಕೆಂಡಿಗೆ 10 ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಇಂತಹ ಭಾರದ ಆಕ್ಸಲ್ ತಾನಾಗಿ ಪುಟಿಯುವ ಲಯವೂ ಸೆಕೆಂಡಿಗೆ 10ರ ಆಸುಪಾಸೇ.

ಮಲೆನಾಡಿನವರಿಗೆ ಕಾಲುಸಂಕ ಗೊತ್ತಲ್ವಾ? ಅಡಿಕೆ ಮರದ ಸಂಕದ ಮೇಲೆ ನಿಧಾನ ನಡೆದರೆ ಅಲ್ಲಾಡುವುದಿಲ್ಲ, ಓಡಿದರೂ ಅಲ್ಲಾಡುವುದಿಲ್ಲ. ಮಧ್ಯದ ಒಂದು ನಡಿಗೆಯಲ್ಲಿ ಮಾತ್ರ ಎತ್ತಿ ಎತ್ತಿ ಹಾಕುತ್ತದೆ. ನಿಮ್ಮ 75–80 ಅದೇ ನಡಿಗೆ. 90ಕ್ಕೆ ಕಡಿಮೆ ಆಗುತ್ತದೆ ಅಂದಿರಲ್ಲ, ಅದರಿಂದಲೇ ನನಗೆ ಅನುಮಾನ ಬಂದದ್ದು.

ಆದರೆ ಸಂಕ ತಾನಾಗಿ ಕುಣಿಯುವುದಿಲ್ಲ. ಯಾರೋ ಹೆಜ್ಜೆ ಹಾಕಬೇಕು. ನಿಮ್ಮ ಗಾಡಿಯಲ್ಲಿ ಆ ಹೆಜ್ಜೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಆಲ್ದೂರು ಅಕ್ಕ
ಮೆಕ್ಯಾನಿಕ್ ಅಣ್ಣ ಸರಿಯಾಗಿ ಹೇಳಿದ್ದಾರೆ. ನಾನು ತೋಟದ ಜೀಪು ಓಡಿಸಲು ಶುರು ಮಾಡಿ ಹದಿನೆಂಟು ವರ್ಷ ಆಯಿತು. ದುಡ್ಡು ಖರ್ಚಿಲ್ಲದ ಎರಡು ಕೆಲಸ ಮೊದಲು ಮಾಡಪ್ಪ.

ಒಂದು, ಡಿಸ್ಕಿನ ಒಳಮೈಗೆ ಕೈ ಹಾಕಿ ನೋಡು. ತೋಟದ ಕೆಂಪು ಮಣ್ಣು ಒಳಗೆ ಕೂತು ಒಣಗಿದರೆ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಹೊರಗಡೆ ನೀರು ಹೊಡೆದರೆ ಹೋಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ನಾಲ್ಕೂ ಚಕ್ರ ಬಿಚ್ಚಿ ಒಳಗಿಂದ ಕೆರೆಸುವುದು ನಮ್ಮಲ್ಲಿ ರೂಢಿ.

ಎರಡು, ಗಾಳಿ. ಟೈರ್ ಅಂಗಡಿಯಲ್ಲಿ ಯಾವ ಗಾಡಿ ಹೋದರೂ ಕಾರಿನ ಲೆಕ್ಕಕ್ಕೆ 34, 35 ತುಂಬಿಬಿಡುತ್ತಾರೆ. ಇಷ್ಟು ಅಗಲದ ಟೈರಿಗೆ, ನಮ್ಮ ಜೀಪಿನಷ್ಟು ಹಗುರ ಗಾಡಿಗೆ ಅದು ಜಾಸ್ತಿ. ಟೈರ್ ಚೆಂಡಿನ ಹಾಗೆ ಆಗುತ್ತದೆ. ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳಿ. ಸಿಮೆಂಟ್ ಕಣದಲ್ಲಿ ನೇರ ಹತ್ತು ಸುತ್ತು ಉರುಳಿಸು. ಮಧ್ಯದಲ್ಲಿ ಮಾತ್ರ ಸುಣ್ಣ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಒಂದೇ ಸಮ ಅಳಿಸುವ ತನಕ ಎರಡೆರಡು ಇಳಿಸುತ್ತಾ ಹೋಗು.

ಅರೇಹಳ್ಳಿ ಜೀಪು
ಅಕ್ಕ, ತುಂಬಾ ಥ್ಯಾಂಕ್ಸ್. ಇವತ್ತು ಕಾಫಿ ಕಣದಲ್ಲೇ ಮಾಡಿದೆ. 35 ಇತ್ತು. ಗೆರೆ ಮಧ್ಯದಲ್ಲಿ ಮಾತ್ರ ಅಳಿಸಿತು. 26ಕ್ಕೆ ಇಳಿಸಿದಾಗ ಒಂದೇ ಸಮ ಬಂತು. ಬಲಗಡೆ ಡಿಸ್ಕಿನ ಒಳಗೆ ಅಂಗೈ ಅಗಲ ಮಣ್ಣು ಇತ್ತು. ಕೆರೆದು ತೂಗಿದೆ, 140 ಗ್ರಾಂ. ಎಡಗಡೆ ಏನೂ ಇರಲಿಲ್ಲ.

ಸಂಜೆ ಹೈವೇಗೆ ಹೋಗಿ ಬಂದೆ. ಕಡಿಮೆ ಆಗಿದೆ, ಆದರೆ ಹೋಗಿಲ್ಲ. ಈಗ ಎಡಗಡೆಯಿಂದಲೇ ಬರುತ್ತಿದೆ ಅಂತ ಕಾಲಿಗೆ ಗೊತ್ತಾಗುತ್ತದೆ. ಸ್ಟೀರಿಂಗ್ ತಿರುಗುವುದಿಲ್ಲ, ಕೈಗೆ ಗುದ್ದಿದ ಹಾಗೆ ಆಗುತ್ತದೆ ಅಷ್ಟೇ.

ಬಾಣಾವರ ಬುಲೆಟ್
ಕ್ಯಾಸ್ಟರ್ ನೋಡಿಸಿದ್ರಾ? ಚಿಕ್ಕಪ್ಪನ ಗಾಡಿಯಲ್ಲಿ ಅದೂ ತಪ್ಪಿತ್ತು.

ಬಿ.ಎಂ. ರಸ್ತೆ ಮೆಕ್ಯಾನಿಕ್
ಒಳ್ಳೆಯ ಪ್ರಶ್ನೆ. ಬ್ಲೇಡ್ ತೆಗೆದು, ಟೈರ್ ಬದಲಿಸಿ, ಎತ್ತರ ಹೆಚ್ಚು ಕಮ್ಮಿ ಮಾಡಿದವರು ಕ್ಯಾಸ್ಟರ್ ನೋಡಲೇಬೇಕು. ಹಳೇ ವಿಲ್ಲಿಸ್ ಜೀಪಿಗೆ ಕೊಟ್ಟ ಅಳತೆ 3 ಡಿಗ್ರಿ, ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರಬೇಕು. ಅದು ಕಮ್ಮಿಯಾದರೆ ಗಾಡಿ ನೇರಕ್ಕೆ ನಿಲ್ಲುವುದಿಲ್ಲ, ರಸ್ತೆ ಎಲ್ಲಿಗೆ ಎಳೆದರೆ ಅಲ್ಲಿಗೆ ಹೋಗುತ್ತದೆ. ಆದರೆ ನಮ್ಮ ಹುಡುಗ ಸ್ಟೀರಿಂಗ್ ತಿರುಗುವುದಿಲ್ಲ ಅಂದಿದ್ದಾನೆ. ಹಾಗಾಗಿ ಅದನ್ನು ಎರಡನೇ ಸಾಲಿಗೆ ಇಡೋಣ.

ಈಗ ಒಂದು ಪರೀಕ್ಷೆ. ಎಡ ಟೈರಿನ ಪಕ್ಕಕ್ಕೆ ಬಿಳಿ ಬಣ್ಣದ ಒಂದು ಗುರುತು ಹಾಕಿ. ಗೆಳೆಯರ ಕಾರಿನಲ್ಲಿ ಪಕ್ಕದ ಸೀಟಿನವರು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲಿ. ಡ್ರೈವರ್ ತೆಗೆಯಬಾರದು. ರಸ್ತೆ ಖಾಲಿ ಇರುವಾಗ, ಬೆಳಿಗ್ಗೆ ಬೇಗ. ಚಕ್ರ ಮೇಲೆ ಪುಟಿದಾಗಲೆಲ್ಲಾ ಆ ಗುರುತು ಎಲ್ಲಿರುತ್ತದೆ ಅಂತ ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿದ್ದರೆ ತಪ್ಪು ಆ ಚಕ್ರದಲ್ಲೇ ಇದೆ. ಎಲ್ಲೆಲ್ಲೋ ಇದ್ದರೆ ರಸ್ತೆ, ಶಾಕ್, ಬ್ಲೇಡ್ ಕಡೆ ಹೋಗಬೇಕು.

ಅರೇಹಳ್ಳಿ ಜೀಪು
ಭಾನುವಾರ ಬೆಳಿಗ್ಗೆ ಆರಕ್ಕೆ ಮಾಡಿದೆವು. ಮಂಜು ಕರಗುವ ತನಕ ಕಾದು ಆಮೇಲೆ ಹೊರಟೆವು. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲು. ಒಂದು ಪುಟಿತದಿಂದ ಇನ್ನೊಂದಕ್ಕೆ 25 ಚಿತ್ರ. ಅಂದರೆ ಸೆಕೆಂಡಿಗೆ ಒಂಬತ್ತೂವರೆ ಸಲ. ನೀವು ಹೇಳಿದ ಲೆಕ್ಕವೇ ಬಂತು ಸರ್. ವೇಗ ಆಗ 78.

ಗುರುತು ಪ್ರತಿ ಸಲವೂ ಒಂದೇ ಕಡೆ. ಗಡಿಯಾರದ ಎರಡು ಗಂಟೆಯ ಜಾಗದಲ್ಲಿ ಬಂದಾಗ ಚಕ್ರ ಮೇಲೆ. ನೂರು ಸಲ ನೋಡಿದೆ, ತಪ್ಪಲಿಲ್ಲ.

ಬಿ.ಎಂ. ರಸ್ತೆ ಮೆಕ್ಯಾನಿಕ್
ಹಾಗಾದರೆ ಸಿಕ್ಕಿತು. ಎಡ ಚಕ್ರ ಬಿಟ್ಟು ಬೇರೆ ಕಡೆ ಹೋಗಬೇಡಿ. ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಡಿ. ಇಟ್ಟಿಗೆ ಮೇಲೆ ಒಂದು ಸ್ಕ್ರೂ ಡ್ರೈವರ್ ಇಟ್ಟು ಅದರ ತುದಿ ಟೈರಿಗೆ ತಾಗುತ್ತೋ ಇಲ್ಲವೋ ಅನ್ನುವಷ್ಟು ಹತ್ತಿರ ತನ್ನಿ. ಚಕ್ರ ನಿಧಾನ ತಿರುಗಿಸಿ, ಸಂದು ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಳೆಯಿರಿ. ಟೈರಿಗೆ ಒಂದೂವರೆ, ಎರಡು ಮಿ.ಮೀ. ಒಳಗೆ ಇದ್ದರೆ ಬಿಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಡಿಸ್ಕಿನ ಅಂಚಿಗೂ ಹಾಗೇ ಅಳೆಯಿರಿ. ಡಿಸ್ಕ್ ಸರಿಯಿದ್ದು ಟೈರ್ ಮಾತ್ರ ಏರುಪೇರು ಇದ್ದರೆ ಟೈರಿನ ತಪ್ಪು. ಡಿಸ್ಕೂ ಅಷ್ಟೇ ಏರುಪೇರು ಇದ್ದರೆ ಡಿಸ್ಕು ಅಥವಾ ಅದು ಕೂತ ರೀತಿ.

ಅರೇಹಳ್ಳಿ ಜೀಪು
ಬಲಗಡೆ 1 ಮಿ.ಮೀ. ಎಡಗಡೆ 4! ಡಿಸ್ಕಿನ ಅಂಚಿಗೂ ಹೆಚ್ಚು ಕಮ್ಮಿ ಅಷ್ಟೇ.

ಅದೇ ಚಕ್ರ ಬಿಚ್ಚಿಕೊಂಡು ಹಾಸನಕ್ಕೆ ಹೋಗಿ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿಸಿದೆ. ಅಲ್ಲಿ ನೋಡಿದರೆ ನೇರವಾಗಿ ತಿರುಗುತ್ತದೆ. ಡಿಸ್ಕ್ ಬೆಂಡ್ ಇಲ್ಲ. ಸೊನ್ನೆ ತೋರಿಸುತ್ತದೆ. ಮನೆಗೆ ತಂದು ಹಾಕಿದರೆ ಮತ್ತೆ ಏರುಪೇರು, ಈ ಸಲ 3 ಮಿ.ಮೀ., ಬೇರೆ ಜಾಗದಲ್ಲಿ. ತಲೆ ಕೆಟ್ಟು ಹೋಗಿದೆ.

ಮೂಡಿಗೆರೆ ಲೇತ್
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈ ಕೊನೆಯ ಮಾತು ನೋಡಿ ಬರೆಯಬೇಕು ಅನ್ನಿಸಿತು. ಬಿಚ್ಚಿ ಹಾಕಿದರೆ ಜಾಗ ಬದಲಾಯಿತು ಅಂದಿರಿ. ಇದು ಚಕ್ರದ ತಪ್ಪಲ್ಲ, ಚಕ್ರ ಹಬ್ಬಿನ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಮಧ್ಯಕ್ಕೆ ಕೂರುತ್ತಿಲ್ಲ.

ಬ್ಯಾಲೆನ್ಸಿಂಗ್ ಮೆಷಿನ್ನು ಡಿಸ್ಕಿನ ನಡುವಿನ ತೂತಿಗೆ ಕೋನ್ ಕೊಟ್ಟು ಹಿಡಿಯುತ್ತದೆ. ಅಲ್ಲಿ ಯಾವಾಗಲೂ ನಡುಮಧ್ಯವೇ. ಜೀಪಿನಲ್ಲಿ ಹಾಗಲ್ಲ. ಹೊರಗಿನ ಅಲಾಯ್ ಡಿಸ್ಕಿನ ತೂತು ನಮ್ಮ ಹಬ್ಬಿಗಿಂತ ದೊಡ್ಡದಿರುತ್ತದೆ. ಅದನ್ನು ನಡುವಿಗೆ ತರುವುದು ಐದು ನಟ್‌ಗಳ ಮೂತಿ ಮಾತ್ರ. ಹಳೇ ಕಬ್ಬಿಣದ ಡಿಸ್ಕಿಗೆ ಕೊಟ್ಟ ನಟ್ಟಿನ ಮೂತಿ ಲಾಳಿಕೆಯಂತೆ ಇಳಿಜಾರಾಗಿರುತ್ತದೆ. ಕೆಲವು ಅಲಾಯ್ ಡಿಸ್ಕಿನ ಗುಳಿ ಗುಂಡಗೆ, ಬಟ್ಟಲಿನ ಹಾಗೆ. ಇಳಿಜಾರು ಮೂತಿ ಗುಂಡು ಗುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಮೊದಲು ಬಿಗಿ ಮಾಡಿದ ನಟ್ಟು ಡಿಸ್ಕನ್ನು ತನ್ನ ಕಡೆ ಎಳೆದುಕೊಂಡು ನಿಂತುಬಿಡುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ಡಿಸ್ಕು ಟೈರು ಸೇರಿ 25 ಕೆ.ಜಿ. ಅಂತ ಇಟ್ಟುಕೊಳ್ಳಿ. ಅದು ಬರೀ 2 ಮಿ.ಮೀ. ಪಕ್ಕಕ್ಕೆ ಸರಿದರೆ, ಡಿಸ್ಕಿನ ಅಂಚಿಗೆ ಸುಮಾರು 260 ಗ್ರಾಂ ಕಟ್ಟಿದ್ದಕ್ಕೆ ಸಮ. 80ರ ವೇಗದಲ್ಲಿ ಅದು ಹೆಚ್ಚು ಕಮ್ಮಿ 18 ಕೆ.ಜಿ. ಬಲದಲ್ಲಿ ಆಕ್ಸಲನ್ನು ಎಳೆಯುತ್ತದೆ, ಸೆಕೆಂಡಿಗೆ ಹತ್ತು ಸಲ. 40ರಲ್ಲಿ ಅದರ ಕಾಲು ಭಾಗ ಮಾತ್ರ, ಅದಕ್ಕೇ ಬೇಲೂರು ರಸ್ತೆಯಲ್ಲಿ ನಿಮಗೆ ಗೊತ್ತಾಗಿಲ್ಲ.

ದಯವಿಟ್ಟು ನಟ್ಟು ಸರಿ ಮಾಡುವ ತನಕ ಹೈವೇಗೆ ಹೋಗಬೇಡಿ. ಹೀಗೆ ಅರ್ಧ ಕೂತ ನಟ್ಟು ಓಡುವಾಗ ಸಡಿಲ ಆಗುತ್ತದೆ. ಕುಣಿತ ಸಹಿಸಬಹುದು, ಚಕ್ರ ಕಳಚುವುದನ್ನು ಸಹಿಸಲು ಆಗುವುದಿಲ್ಲ.

ಅರೇಹಳ್ಳಿ ಜೀಪು
ಸರ್, ನೀವು ಹೇಳಿದ್ದೇ. ನಟ್ಟಿನ ಮೂತಿಗೆ ಮಸಿ ಹಚ್ಚಿ ಬಿಗಿ ಮಾಡಿ ಬಿಚ್ಚಿದೆ. ಗುಳಿಯಲ್ಲಿ ಕೂದಲೆಳೆಯಷ್ಟು ಒಂದು ಉಂಗುರ ಮಾತ್ರ ಕಪ್ಪಾಗಿತ್ತು. ಎರಡು ಗುಳಿಯ ಅಂಚು ಆಗಲೇ ಜಜ್ಜಿದೆ. ಡಿಸ್ಕ್ ಮಾರಿದವರು ಹಳೇ ನಟ್ಟೇ ಸಾಕು ಅಂದಿದ್ದರು. ಅದನ್ನು ನಂಬಿ ಮನೆಯವರನ್ನೆಲ್ಲಾ ಕೂರಿಸಿಕೊಂಡು ಓಡಾಡಿದ್ದೇನೆ. ಈಗ ನೆನೆದರೆ ಎದೆ ಝಲ್ ಅನ್ನುತ್ತದೆ.

ಸದ್ಯಕ್ಕೆ ಹಳೇ ಕಬ್ಬಿಣದ ಡಿಸ್ಕು, ಹಳೇ ಟೈರು ಹಾಕಿದ್ದೇನೆ.

ಕಡೂರು ರಾಡ್
ಒಳ್ಳೆಯ ಚರ್ಚೆ. ನನಗೆ ಅಮೆರಿಕದ ಹಾಟ್ ರಾಡ್‌ಗಳ, ಅಂದರೆ ಮಾರ್ಪಡಿಸಿದ ಹಳೇ ಕಾರುಗಳ ಹುಚ್ಚು, ಅದರ ಕಡೆಯಿಂದ ಒಂದು ಮಾತು. ಅಲ್ಲಿ 1932ರ ಫೋರ್ಡ್ ತರಹದ ಹಳೇ ಕಾರಿಗೆ ಮುಂದೆ ಒಂದೇ ಉದ್ದನೆಯ ಆಕ್ಸಲ್, ಅದರ ಮೇಲೆ ಅಡ್ಡಕ್ಕೆ ಒಂದೇ ಕಮಾನ್ ಸ್ಪ್ರಿಂಗ್. ಜನ ಮುಂಭಾಗ ನೆಲಕ್ಕೆ ತಾಗುವಷ್ಟು ತಗ್ಗಿಸುತ್ತಾರೆ. ಆಮೇಲೆ ಹೈವೇಯಲ್ಲಿ ಇದೇ ದೂರು. ಅಲ್ಲಿ ಮೊದಲು ನೋಡುವುದು ಮೂರು ಜಾಗ. ಆಕ್ಸಲ್ ಮೇಲೇರಲು ಜಾಗ ಉಳಿದಿದೆಯಾ, ಶ್ಯಾಕಲ್ (ಸ್ಪ್ರಿಂಗಿನ ತುದಿ ಹಿಡಿಯುವ ಆಡುವ ಕೊಂಡಿ) ಓರೆಯಾಗಿ ಸಲೀಸಾಗಿ ಆಡುತ್ತಿದೆಯಾ, ಶಾಕ್ ತನ್ನ ಓಟದ ನಡುವಿನಲ್ಲಿ ನಿಂತಿದೆಯಾ.

ನೀವು ಎರಡು ಬ್ಲೇಡ್ ತೆಗೆಸಿದ್ದೀರಿ. ಜೀಪು ಎಷ್ಟು ಕುಸಿದಿದೆ ಅಂತ ಅಳೆದಿದ್ದೀರಾ? ಆಕ್ಸಲ್ಲಿಗೂ ಮೇಲಿನ ರಬ್ಬರ್ ಬಂಪಿಗೂ ಸಂದು ಎಷ್ಟು? ಅದು ಒಂದು ಬೆರಳಿನಷ್ಟೇ ಇದ್ದರೆ ಪ್ರತಿ ಸಣ್ಣ ಏರಿಗೂ ಆಕ್ಸಲ್ ರಬ್ಬರಿಗೆ ಬಡಿದು ವಾಪಸ್ ಪುಟಿಯುತ್ತದೆ. ನಟ್ಟು ಸರಿ ಮಾಡಿದರೂ ಸ್ವಲ್ಪ ಕುಣಿತ ಉಳಿದೇ ಉಳಿಯುತ್ತದೆ.

ಬಿ.ಎಂ. ರಸ್ತೆ ಮೆಕ್ಯಾನಿಕ್
ಇದನ್ನು ನಾನೇ ಮೊದಲ ದಿನ ಕೇಳಬೇಕಿತ್ತು. ಬ್ಲೇಡ್ ಬರೀ ಭಾರ ಹೊರುವುದಿಲ್ಲ. ಒಂದರ ಮೇಲೊಂದು ಉಜ್ಜಿ ಕುಣಿತವನ್ನೂ ತಿನ್ನುತ್ತದೆ. ಎರಡು ತೆಗೆದರೆ ಆ ಉಜ್ಜಾಟವೂ ಕಮ್ಮಿಯಾಯಿತು, ಆ ಕೆಲಸವೂ ಶಾಕಿನ ತಲೆ ಮೇಲೆ ಬಿತ್ತು. ಶಾಕ್ ಹೊಸದು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಗಾಡಿ ಸುಮ್ಮನೆ ನಿಂತಾಗ ಅದರ ರಾಡು ಎಷ್ಟು ಹೊರಗಿದೆ ನೋಡಿ. ಪೂರ್ತಿ ಒಳಗೆ ಹೋಗಲು ಇನ್ನೂ ಅರ್ಧದ ಹತ್ತಿರ ಜಾಗ ಇರಬೇಕು.

ಹಾಗೇ ಶ್ಯಾಕಲ್ ಬೋಲ್ಟ್. ಸದ್ದು ಬರಬಾರದು ಅಂತ ಮರ ಕಚ್ಚಿದ ಹಾಗೆ ಬಿಗಿ ಮಾಡಿದರೆ ಬ್ಲೇಡ್ ಆಡುವುದೇ ಇಲ್ಲ. ಆಗ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ, ಟೈರ್ ಒಂದೇ ಪುಟಿಯುತ್ತದೆ. ಗ್ರೀಸ್ ಹೊಡೆದು, ಕೈಗೆ ಆಡುವಷ್ಟು ಬಿಡಿ.

ಅರೇಹಳ್ಳಿ ಜೀಪು
ಅಳೆದೆ. ರಬ್ಬರ್ ಬಂಪಿಗೆ 18 ಮಿ.ಮೀ. ಸಂದು! ಶಾಕ್ ಒಳಗೆ ಹೋಗಲು ಒಂದು ಇಂಚು ಜಾಗವೂ ಇಲ್ಲ. ಅಪ್ಪನಿಗೆ ತೋರಿಸಿದೆ. "ಆ ಬ್ಲೇಡು ತೆಗೆಯಬೇಡ ಅಂತ ಅವತ್ತೇ ಹೇಳಿದ್ದೆ" ಅಂದರು. ಹೌದು, ಹೇಳಿದ್ದರು.

ಆಲ್ದೂರು ಅಕ್ಕ
ಅಪ್ಪನವರ ಮಾತು ಸರಿ. ಆದರೆ ಎರಡೂ ವಾಪಸ್ ಹಾಕಬೇಕು ಅಂತೇನಿಲ್ಲ, ಮೊದಲು ಒಂದು ಹಾಕಿ ನೋಡು. ಹಾಕುವಾಗ ಸೆಂಟರ್ ಬೋಲ್ಟ್ ಹೊಸದು, ಯು ಬೋಲ್ಟ್ ಹೊಸದು. ಹಳೇ ಯು ಬೋಲ್ಟ್ ಒಮ್ಮೆ ಎಳೆದು ಹಿಗ್ಗಿರುತ್ತದೆ, ಮತ್ತೆ ಬಿಗಿ ನಿಲ್ಲುವುದಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಎಲ್ಲಾ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಅರೇಹಳ್ಳಿ ಜೀಪು
ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಹಾಗೆ ಒಂದೊಂದಾಗಿ ಮಾಡಿದೆ.

ಮೊದಲು ನಟ್ಟು. ಗುಂಡು ಮೂತಿಯ ಹೊಸ ನಟ್ಟು ತಂದೆ. ಗುಳಿ ಜಜ್ಜಿದ ಆ ಒಂದು ಡಿಸ್ಕ್ ಬದಲಿಸಿದೆ. ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದೆ. ಚಕ್ರ ನೆಲದಿಂದ ಎತ್ತಿದ್ದಾಗಲೇ ಎದುರು ಬದುರು ನಟ್ಟು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬಂದೆ, ಇಳಿಸಿದ ಮೇಲೆ ಪೂರ್ತಿ. ಏರುಪೇರು 4ರಿಂದ 1ಕ್ಕೆ ಇಳಿಯಿತು. ಹೈವೇಯಲ್ಲಿ ಮುಕ್ಕಾಲು ಪಾಲು ಕುಣಿತ ಅಲ್ಲೇ ಹೋಯಿತು.

ಆಮೇಲೆ ಒಂದೊಂದು ಬ್ಲೇಡ್ ವಾಪಸ್. ಬಂಪಿನ ಸಂದು 18ರಿಂದ 46 ಮಿ.ಮೀ. ಆಯಿತು. ಶಾಕ್ ಹಾಗೇ ಉಳಿಸಿಕೊಂಡೆ, ಈಗ ಅದು ನಡುವಿನಲ್ಲಿ ನಿಲ್ಲುತ್ತದೆ. ಶ್ಯಾಕಲ್ ಎಡಗಡೆ ನಿಜವಾಗಿಯೂ ಕಚ್ಚಿಕೊಂಡಿತ್ತು, ಹೊಸ ಬುಷ್ ಹಾಕಿದೆ. ಕ್ಯಾಸ್ಟರ್ ಅಳೆಸಿದೆ, ಎರಡೂವರೆ ಡಿಗ್ರಿ ಇದೆ. ಮೆಕ್ಯಾನಿಕ್ ಸರ್ ಸದ್ಯಕ್ಕೆ ಮುಟ್ಟಬೇಡ ಅಂದರು.

ನಿನ್ನೆ ಅಪ್ಪನ ಜೊತೆ ಹಿರೀಸಾವೆವರೆಗೆ ಹೋಗಿ ಬಂದೆ. 78ರಲ್ಲಿ ಬೇಕಂತಲೇ ಎರಡು ಕಿಲೋಮೀಟರ್ ಹಿಡಿದೆ. ಬಾನೆಟ್ ಅಲ್ಲಾಡಲಿಲ್ಲ. ಅಪ್ಪ ಹಿಡಿ ಬಿಟ್ಟು ಎಲೆ ಅಡಿಕೆ ಹಾಕಿಕೊಂಡರು. ಸೇತುವೆಯ ಜಾಯಿಂಟ್ ಹತ್ತಿದಾಗ ಒಂದು ಧಡ್ ಬರುತ್ತದೆ, ಒಂದೇ ಸಲಕ್ಕೆ ನಿಲ್ಲುತ್ತದೆ.

ಡ್ಯಾಂಪರ್ ಹಾಕಿಸಲಿಲ್ಲ. ಮೊದಲೇ ಹಾಕಿಸಿದ್ದರೆ ನಟ್ಟಿನ ವಿಷಯ ಗೊತ್ತಾಗುತ್ತಲೇ ಇರಲಿಲ್ಲ. ನಿಮ್ಮೆಲ್ಲರಿಗೂ ನಮ್ಮ ಮನೆಯಲ್ಲಿ ಕಾಫಿ ಕುಡಿಯುವ ಹಕ್ಕಿದೆ. ಯಾವಾಗ ಬೇಕಾದರೂ ಬನ್ನಿ.

ಬಾಣಾವರ ಬುಲೆಟ್
ಅಣ್ಣಾ, ಇದನ್ನು ಓದಿ ನಾನೂ ಚಿಕ್ಕಪ್ಪನ ಜೀಪಿನ ಚಕ್ರಕ್ಕೆ ಸ್ಕ್ರೂ ಡ್ರೈವರ್ ಇಟ್ಟು ನೋಡಿದೆ. ಬಲಗಡೆ 3 ಮಿ.ಮೀ. ಇದೆ. ಅದು ಇನ್ನೂ ಹಳೇ ವಿಲ್ಲಿಸ್. ಎಡಗಡೆ ನಟ್ಟು ಬಿಚ್ಚಲು ಹೋದರೆ ಬರುತ್ತಲೇ ಇಲ್ಲ, ಎಷ್ಟು ಒತ್ತಿದರೂ ಇನ್ನೂ ಬಿಗಿಯಾಗುತ್ತದೆ. ಪೈಪ್ ಹಾಕಿ ತುಳಿಯಲಾ?

ಮೂಡಿಗೆರೆ ಲೇತ್
ನಿಲ್ಲಿಸಿ! ತುಳಿಯಬೇಡಿ. ಹಳೇ ವಿಲ್ಲಿಸ್‌ನಲ್ಲಿ ಎಡಗಡೆಯ ನಟ್ಟು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯಾ ಅಂತ ಒರೆಸಿ ನೋಡಿ. ಮೊದಲು ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿ. ಬಿಚ್ಚಿದ ಮೇಲೆ ಗುಳಿಯ ಫೋಟೋ ಹಾಕಿ, ನೋಡೋಣ.